ನೋಡಿ, ಮುಟ್ಟಬೇಡಿ

ಸೋಮವಾರ ಮ್ಯೂಸಿಯಂಗೆ ರಜೆ, ತಿಮಿಂಗಿಲಕ್ಕೆ ಮೈ ಒರೆಸಿಸಿಕೊಳ್ಳುವ ದಿನ. ಹಿಂದಿನ ಓಣಿಯ ಸಣ್ಣ ಬಾಗಿಲಿನಿಂದ ಧೂಳಪ್ಪ ಒಳಗೆ ಬರುತ್ತಾನೆ. ಚಪ್ಪಲಿ ಕಳಚಿ, ಬೂದುಬಣ್ಣದ ಅಂಗಿ ಹಾಕಿಕೊಂಡು, ಬಿಳಿ ಹತ್ತಿಯ ಕೈಗವಸು ತೊಟ್ಟು, ದೊಡ್ಡ ಹಾಲ್‌ನ ದೀಪಗಳನ್ನು ಒಂದೊಂದಾಗಿ ಹಾಕುತ್ತಾನೆ. ಮೊದಲ ದೀಪಕ್ಕೆ ಬಾಲ ಕಾಣುತ್ತದೆ. ಎರಡನೆಯದಕ್ಕೆ ಬೆನ್ನು. ಮೂರನೆಯದಕ್ಕೂ ಬೆನ್ನೇ. ನಾಲ್ಕನೆಯದಕ್ಕೆ ಪಕ್ಕೆಲುಬುಗಳು, ಐದನೆಯದಕ್ಕೂ ಅವೇ. ಆರನೆಯ ದೀಪ ಹಾಕಿದ ಮೇಲೆ ತಲೆ.

ಹಾಜರಿ ಪುಸ್ತಕದಲ್ಲಿ ಅವನಿಗೆ ಬೇರೆ ಹೆಸರಿದೆ. ಸಂಬಳದ ದಿನ ಬಿಟ್ಟರೆ ಆ ಹೆಸರಿನಿಂದ ಯಾರೂ ಕರೆಯುವುದಿಲ್ಲ. ಧೂಳಿನ ಜೊತೆಯೇ ಸಂಸಾರ ಮಾಡುವವನು ಧೂಳಪ್ಪನಲ್ಲದೆ ಇನ್ನೇನು ಎಂದು ಗೇಟಿನ ಕಾವಲುಗಾರ ಒಮ್ಮೆ ಅಂದದ್ದು ಹಾಗೇ ಅಂಟಿಕೊಂಡಿತು. ಇಪ್ಪತ್ತಾರು ವರ್ಷದಿಂದ ಅವನ ಕೆಲಸ ಇದೊಂದೇ: ತಂತಿಗಳಲ್ಲಿ ತೂಗುಹಾಕಿದ ಹತ್ತೊಂಬತ್ತು ಮೀಟರ್ ಉದ್ದದ ಆ ಅಸ್ಥಿಪಂಜರದ ಧೂಳು ತೆಗೆಯುವುದು. ಚಕ್ರಗಳಿರುವ ಕಬ್ಬಿಣದ ಅಟ್ಟಣಿಗೆಯನ್ನು ತಳ್ಳಿಕೊಂಡು, ಬಾಲದಿಂದ ಶುರುಮಾಡಿ, ಮೆದು ಕೂದಲಿನ ಕುಂಚದಲ್ಲಿ ಒಂದೊಂದೇ ಮೂಳೆಯನ್ನು ಸವರುತ್ತಾ ಹೋಗಬೇಕು. ತಲೆ ಮುಟ್ಟಲು ನಾಲ್ಕು ಸೋಮವಾರ ಬೇಕು. ಅಷ್ಟರಲ್ಲಿ ಬಾಲಕ್ಕೆ ಮತ್ತೆ ಧೂಳು ಕೂತಿರುತ್ತದೆ.

‘ಅಲ್ಲಿ ಆನೆಗಿಂತ ದೊಡ್ಡದನ್ನ ಒರೆಸ್ತೀರಿ. ಮನೇಲಿ ಒಂದು ಫ್ಯಾನ್ ಒರೆಸಿ ಅಂದ್ರೆ ಸೊಂಟ ನೋವು’ ಎನ್ನುತ್ತಾಳೆ ಹೆಂಡತಿ.

‘ಫ್ಯಾನ್‌ಗೇನು ತೊಂಬತ್ತು ವರ್ಷ ಆಗಿದ್ಯಾ? ಆಗ್ಲಿ, ಒರೆಸ್ತೀನಿ.’

ತಿಮಿಂಗಿಲ ಸತ್ತು ತೊಂಬತ್ತು ವರ್ಷವಾದರೂ ಪೂರ್ತಿ ಸತ್ತಿಲ್ಲ ಎನ್ನುವುದು ಅವನ ಗುಟ್ಟಿನ ನಂಬಿಕೆ. ಅದಕ್ಕೆ ಕಾರಣವೂ ಇತ್ತು. ಬೇಸಿಗೆಯ ಮಧ್ಯಾಹ್ನಗಳಲ್ಲಿ ಹಾಲ್ ಕಾದಾಗ ಆ ಮೂಳೆಗಳು ಬೆವರುತ್ತವೆ. ಒಳಗೆ ಇನ್ನೂ ಉಳಿದಿರುವ ಎಣ್ಣೆ ಹನಿಹನಿಯಾಗಿ ಹೊರಗೆ ಬಂದು, ಕೆಳಗಿನ ಅಂಚಿನಲ್ಲಿ ಜೇನಿನ ಬಣ್ಣಕ್ಕೆ ನಿಲ್ಲುತ್ತದೆ. ಮೊದಲ ಸಲ ಅದನ್ನು ಕಂಡಾಗ ಅವನು ಅಟ್ಟಣಿಗೆಯ ಮೇಲೆ ಹಾಗೇ ಕೂತುಬಿಟ್ಟಿದ್ದ. ಯಾವ ಸಮುದ್ರದಲ್ಲಿ ಯಾವ ಕಾಲದಲ್ಲಿ ತಿಂದ ಅನ್ನವೋ, ಇವತ್ತು ತನ್ನ ಹತ್ತಿಯ ಉಂಡೆಗೆ ಹತ್ತುತ್ತಿದೆ. ಆಮೇಲೆ ಅಭ್ಯಾಸವಾಯಿತು. ಅಭ್ಯಾಸ ಎಂಥ ಬೆರಗನ್ನೂ ತಿಂದು ತೇಗುತ್ತದೆ.

ವಾರದ ಉಳಿದ ದಿನಗಳಲ್ಲಿ ಅವನು ಹಗ್ಗದ ಪಕ್ಕದಲ್ಲಿ ನಿಂತಿರುತ್ತಾನೆ. ತಿಮಿಂಗಿಲದ ಸುತ್ತ ಕಟ್ಟಿದ ಕೆಂಪು ಹಗ್ಗ. ಅದರ ನಡುವೆ ಕಂಬಕ್ಕೆ ಸಿಕ್ಕಿಸಿದ ಹಲಗೆ: ‘ನೋಡಿ, ಮುಟ್ಟಬೇಡಿ’. ಎಂಟು ವರ್ಷದ ಹಿಂದೆ ಯಾರೋ ಕೆಳದವಡೆಯ ಮೇಲೆ ಕೀಲಿಕೈಯಿಂದ ಒಂದು ಹೃದಯವನ್ನು ಗೀಚಿ ಹೋದರು. ಆ ಗೀರು ಹೋಗಲಿಲ್ಲ. ಅಂದಿನಿಂದ ಹಲಗೆಯ ಅಕ್ಷರಗಳು ದಪ್ಪವಾದವು. ಬಣ್ಣ ಮಾಸಿದಾಗಲೆಲ್ಲ ಅವುಗಳ ಮೇಲೆ ಮತ್ತೆ ಬಣ್ಣ ಎಳೆಯುವವನೂ ಧೂಳಪ್ಪನೇ.

ಅದು ಶಾಲೆಗಳಿಗೆ ರಜೆಯ ಒಂದು ಭಾನುವಾರ. ಊರೂರಿನ ಸಂಸಾರಗಳು ಮಕ್ಕಳನ್ನು ಕಟ್ಟಿಕೊಂಡು ನಗರ ನೋಡಲು ಬರುವ ಕಾಲ. ಬೆಳಗ್ಗೆ ಮೃಗಾಲಯ, ಮಧ್ಯಾಹ್ನ ಪುಟಾಣಿ ರೈಲು, ಸಂಜೆ ದೋಣಿ. ನಡುವೆ ಬಿಸಿಲು ಜೋರಾದಾಗ ಮ್ಯೂಸಿಯಂ. ಅಂಥ ಹೊತ್ತಿನಲ್ಲಿ ಒಬ್ಬ ತಾಯಿ ಇಬ್ಬರು ಹೆಣ್ಣುಮಕ್ಕಳ ಜೊತೆ ಹಾಲ್‌ಗೆ ಬಂದಳು. ಅವಳ ಕೈಯಲ್ಲಿ ಮಡಚಿ ಮಡಚಿ ಸವೆದ ಚೀಟಿ, ನೋಡಬೇಕಾದ ಜಾಗಗಳ ಪಟ್ಟಿ. ಚಿಕ್ಕವಳಿಗೆ ಆರು ವರ್ಷವಿರಬಹುದು. ಬಾಗಿಲಲ್ಲೇ ಬಾಯಿ ಬಿಟ್ಟು ನಿಂತಳು. ದೊಡ್ಡವಳಿಗೆ ಹತ್ತು. ಅವಳು ತಾಯಿಯ ಮೊಣಕೈ ಹಿಡಿದು, ಇನ್ನೊಂದು ಕೈಯ ಬಿಳಿ ಕೋಲನ್ನು ನೆಲಕ್ಕೆ ತಟ್ಟುತ್ತಾ ಬಂದಳು.

‘ಅಕ್ಕಾ! ತಿಮಿಂಗಿಲ! ಮೂರು ಬಸ್ ಅಷ್ಟಿದೆ!’

‘ನಿನ್ನೆ ಜಿರಾಫೆನೂ ಮೂರು ಬಸ್ ಅಂದೆ.’

‘ಅದು ಮೇಲಕ್ಕೆ ಮೂರು. ಇದು ಉದ್ದಕ್ಕೆ ಮೂರು.’

‘ನಿನ್ನ ಲೋಕದಲ್ಲಿ ಬಸ್ಸು ಬಿಟ್ರೆ ಏನೂ ಇಲ್ವೇನೆ?’ ದೊಡ್ಡವಳು ಅಂದಳು. ಆಮೇಲೆ ತಾಯಿಯ ಕಡೆ ತಿರುಗಿ, ‘ನಿಜವಾಗ್ಲೂ ಎಷ್ಟಿದೆ ಅಮ್ಮ?’

ತಾಯಿ ತಲೆ ಎತ್ತಿ ನೋಡಿದಳು. ಬಾಲದಿಂದ ತಲೆಯವರೆಗೆ ನೋಡಿದಳು. ‘ತುಂಬಾ ದೊಡ್ಡದು ಕಣೇ’ ಅಂದಳು. ಆ ಮಾತು ಎಷ್ಟು ಚಿಕ್ಕದು ಎಂದು ಅವಳಿಗೇ ನಾಚಿಕೆಯಾದಂತೆ ಕಂಡಿತು.

ಧೂಳಪ್ಪ ನಿಂತಲ್ಲಿಂದಲೇ ಕೇಳಿಸಿಕೊಳ್ಳುತ್ತಿದ್ದ. ಹುಡುಗಿ ಕೋಲಿನಿಂದ ಹಗ್ಗವನ್ನು ಹುಡುಕಿ, ಕಂಬವನ್ನು ಹುಡುಕಿ, ಹಲಗೆಯ ಮೇಲೆ ಬೆರಳಾಡಿಸಿದಳು. ಬಣ್ಣದ ಮೇಲೆ ಬಣ್ಣ ಕೂತು ಅಕ್ಷರಗಳು ಉಬ್ಬಿದ್ದವು.

‘ಇಲ್ಲಿ ಏನು ಬರೆದಿದೆ?’

‘ನೋ-ಡಿ, ಮು-ಟ್ಟ-ಬೇ-ಡಿ’ ಎಂದು ಚಿಕ್ಕವಳು ಕೂಡಿಸಿ ಕೂಡಿಸಿ ಓದಿದಳು.

ದೊಡ್ಡವಳು ಉಬ್ಬಿದ ಅಕ್ಷರಗಳ ಮೇಲೆ ಇನ್ನೊಮ್ಮೆ ಬೆರಳೆಳೆದಳು. ಆಮೇಲೆ, ಸಿಟ್ಟಿಲ್ಲದೆ, ಲೆಕ್ಕದ ಪುಸ್ತಕದಲ್ಲಿ ತಪ್ಪು ಕಂಡುಹಿಡಿದವಳ ಹಾಗೆ ಅಂದಳು: ‘ಮುಟ್ಟದೆ ಹೇಗೆ ನೋಡೋದು?’

ಧೂಳಪ್ಪ ಹಗ್ಗದ ಪಕ್ಕದ ತನ್ನ ಜಾಗ ಬಿಟ್ಟ. ಅವನು ಹತ್ತಿರ ಹೋದ.

‘ಇವರು ತಿಮಿಂಗಿಲ ಒರೆಸೋ ಮಾಮ ಅಂತೆ. ಬಾಗಿಲಲ್ಲಿ ಟಿಕೆಟ್ ಕೊಡೋರು ಹೇಳಿದ್ರು’ ಎಂದು ತಾಯಿ ಪರಿಚಯ ಮಾಡಿಸಿದಳು.

ಹುಡುಗಿಯ ಮುಖ ಅವನ ದನಿಗಾಗಿ ಕಾಯುತ್ತಿತ್ತು. ‘ನಮಸ್ತೆ ಮಾಮ. ನಮ್ಮ ಶಾಲೇಲಿ ತಿಮಿಂಗಿಲದ ಪಾಠ ಇತ್ತು. ಹತ್ತೊಂಬತ್ತು ಮೀಟರ್, ನಲವತ್ತು ಟನ್ ಅಂತೆಲ್ಲ ಹೇಳಿದ್ರು. ನಂಗೆ ಅದು ಗೊತ್ತಾಗ್ಲಿಲ್ಲ. ಅದಕ್ಕೇ ಇಲ್ಲಿಗೆ ಬಂದ್ವಿ. ಪುಟಾಣಿ ರೈಲು ಚೆನ್ನಾಗಿತ್ತು. ತಾರಾಲಯದಲ್ಲಿ ಎಲ್ಲರೂ ನನ್ನ ಹಾಗೇ ಕತ್ತಲಲ್ಲಿ ಕೂತಿದ್ರು, ಆದ್ರೂ ಅಬ್ಬಾ ಅಬ್ಬಾ ಅಂತಿದ್ರು. ನಂಗೆ ಮಾತ್ರ ಕುರ್ಚಿ ಮೆತ್ತಗಿತ್ತು ಅನ್ನೋದು ಗೊತ್ತಾಯ್ತು.’ ಅವಳು ನಕ್ಕಳು. ‘ನಂಗೆ ಈ ಊರಲ್ಲಿ ನೋಡ್ಬೇಕಾಗಿದ್ದು ಇದೊಂದೇ.’

‘ಕೇಳು ಮಗು, ಏನು ಬೇಕಾದ್ರೂ ಕೇಳು’ ಅಂದ ಧೂಳಪ್ಪ. ಅವನಿಗೆ ಎಲ್ಲ ಉತ್ತರಗಳೂ ಬಾಯಿಪಾಠ. ಬೆನ್ನಿನಲ್ಲಿ ಅರವತ್ತೆರಡು ಮಣಿ. ದವಡೆಯಲ್ಲಿ ಒಂದೂ ಹಲ್ಲಿಲ್ಲ.

‘ಅದು ತಣ್ಣಗಿರುತ್ತಾ, ಬೆಚ್ಚಗಿರುತ್ತಾ?’

ಧೂಳಪ್ಪ ಬಾಯಿ ತೆರೆದ. ತನ್ನ ಎರಡೂ ಕೈಗಳನ್ನು ನೋಡಿಕೊಂಡ. ಇಪ್ಪತ್ತಾರು ವರ್ಷ, ಅಷ್ಟೂ ಸೋಮವಾರ, ಒಂದೊಂದು ಮೂಳೆಯ ಒಂದೊಂದು ತಗ್ಗು. ಎಲ್ಲವೂ ಕೈಗವಸಿನ ಆಚೆ.

‘ಗೊತ್ತಿಲ್ಲಮ್ಮ’ ಅಂದ.

‘ನಿಮಗೂ ಗೊತ್ತಿಲ್ವಾ?’ ಹುಡುಗಿಯ ದನಿಯಲ್ಲಿ ನಿರಾಸೆಗಿಂತ ಆಶ್ಚರ್ಯವೇ ಹೆಚ್ಚಿತ್ತು. ‘ಹಾಗಾದ್ರೆ ನೀವೂ ನೋಡೇ ಇಲ್ಲ!’

ತಾಯಿ ಅವಳ ಭುಜ ಹಿಡಿದು, ‘ಹಾಗೆಲ್ಲ ಅನ್ಬಾರ್ದು’ ಎಂದು ಗದರಿದಳು. ಧೂಳಪ್ಪ ತಲೆ ಅಲ್ಲಾಡಿಸಿದ. ಮಗು ಅಂದದ್ದು ಖರೆ. ಅವನು ಕೇಳಿದ್ದು ಇಷ್ಟೇ: ‘ನಾಳೆ ಊರಲ್ಲಿ ಇರ್ತೀರಾ?’

‘ಮಧ್ಯಾಹ್ನ ಎರಡೂವರೆಗೆ ನಮ್ಮ ರೈಲು.’

‘ಇಲ್ಲೇ ಐದು ನಿಮಿಷ ನಿಂತಿರಿ. ಎಲ್ಲೂ ಹೋಗ್ಬೇಡಿ.’

ಮೇಲಿನ ಮಹಡಿಯಲ್ಲಿ ಮ್ಯೂಸಿಯಂನ ಮುಖ್ಯಸ್ಥೆಯ ಕೋಣೆ. ಎಲ್ಲರೂ ಅವರನ್ನು ಮೇಡಂ ಎನ್ನುತ್ತಾರೆ. ಮೂಳೆಯ ಶಾಸ್ತ್ರ ಓದಿದವರು, ಮಾತು ಕತ್ತರಿಸಿದಂತೆ. ಧೂಳಪ್ಪ ಹೊಸ ಕುಂಚ ಬೇಕೆಂದು ಕೇಳಲೂ ಹಿಂಜರಿಯುವವನು. ಇವತ್ತು ಬಾಗಿಲು ತಟ್ಟಿ ಒಳಗೆ ಹೋಗಿ ಒಂದೇ ಉಸಿರಿಗೆ ಎಲ್ಲ ಹೇಳಿದ.

‘ಆಗಲ್ಲ’ ಅಂದರು ಮೇಡಂ. ‘ದವಡೆ ಮೇಲಿನ ಗೀರು ಮರೆತ್ರಾ? ಒಬ್ಬರಿಗೆ ಬಿಟ್ರೆ ನಾಳೆ ನೂರು ಜನ. ನಿಯಮ ನಿಮಗೇ ಗೊತ್ತಲ್ಲ: ಶುಚಿ ಮಾಡುವವರ ಹೊರತು ಯಾರೂ ಮುಟ್ಟಕೂಡದು.’

‘ಅದೇ ಮೇಡಂ. ಶುಚಿ ಮಾಡುವವರ ಹೊರತು.’

ಮೇಡಂ ಕನ್ನಡಕದ ಮೇಲಿಂದ ನೋಡಿದರು.

‘ನಾಳೆ ಸೋಮವಾರ’ ಅಂದ ಧೂಳಪ್ಪ. ‘ಆ ಹುಡುಗಿ ಕೈಗೊಂದು ಬಟ್ಟೆ ಕೊಡ್ತೀನಿ. ಅವಳು ಮುಟ್ಟಲ್ಲ. ಒರೆಸ್ತಾಳೆ.’

‘ಭಲೇ. ಇಪ್ಪತ್ತಾರು ವರ್ಷ ಬಾಯಿ ಇಲ್ಲದ ಮನುಷ್ಯ ಅಂದ್ಕೊಂಡಿದ್ದೆ. ನೀವು ವಕೀಲರಾಗ್ಬೇಕಿತ್ತು.’ ಅವರು ಕಿಟಕಿಯ ಬಳಿ ಹೋದರು. ಆ ಕಿಟಕಿಯಿಂದ ಹಾಲ್ ಕಾಣುತ್ತದೆ. ಕೆಳಗೆ ಹಗ್ಗದ ಪಕ್ಕದಲ್ಲಿ ಮೂವರೂ ಹೇಳಿದ ಜಾಗದಲ್ಲೇ ನಿಂತಿದ್ದರು. ತಾಯಿ ಚೀಟಿ ಮಡಚುತ್ತಿದ್ದಳು. ದೊಡ್ಡವಳು ಮುಖವನ್ನು ಮೇಲಕ್ಕೆತ್ತಿ, ತಿಮಿಂಗಿಲ ಇರಬಹುದಾದ ಕಡೆಗೆ ತಿರುಗಿದ್ದಳು. ಅಂದಾಜು ಸರಿಯಾಗಿತ್ತು.

‘ಬೆಳಗ್ಗೆ ಹತ್ತಕ್ಕೆ. ನಾನೂ ಇರ್ತೀನಿ. ಕೈಗವಸು ಹಾಕ್ಲೇಬೇಕು, ಅದರಲ್ಲಿ ವಾದ ಇಲ್ಲ.’

ಆ ಸಂಜೆ ಧೂಳಪ್ಪ ಮನೆಯಲ್ಲಿ ನೀರಿನ ಲೋಟವನ್ನು ಹಿಡಿದು ಬಹಳ ಹೊತ್ತು ಕೂತ. ಗೋಡೆ ಸವರಿದ. ಬಾಗಿಲ ಚೌಕಟ್ಟು ಸವರಿದ. ಹೆಂಡತಿ ಸೊಂಟಕ್ಕೆ ಕೈಕೊಟ್ಟು ನೋಡಿ, ‘ಅದೇ ಕೈಲಿ ಫ್ಯಾನೂ ಸವರಿಬಿಡಿ’ ಅಂದಳು. ಅವನು ಕುರ್ಚಿ ಹಾಕಿಕೊಂಡು ನಿಜವಾಗಿಯೂ ಸವರಿದ. ಅವಳು ದಿಗಿಲುಬಿದ್ದು, ‘ಮೈ ಹುಷಾರಿದೆ ತಾನೇ?’ ಎಂದು ಹಣೆ ಮುಟ್ಟಿ ನೋಡಿದಳು.

ಸೋಮವಾರ ಹತ್ತಕ್ಕೆ ಐದು ನಿಮಿಷ ಇರುವಾಗಲೇ ಮೂವರೂ ಓಣಿಯ ಬಾಗಿಲಲ್ಲಿದ್ದರು. ಪೆಟ್ಟಿಗೆ ಚೀಲಗಳೂ ಜೊತೆಗೇ ಬಂದಿದ್ದವು. ಜನರಿಲ್ಲದ ಹಾಲ್‌ನಲ್ಲಿ ಕೋಲಿನ ಒಂದು ತಟ್ಟು ದೂರ ಹೋಗಿ ತಿರುಗಿ ಬಂತು. ಹುಡುಗಿ ನಿಂತಳು. ಇನ್ನೊಮ್ಮೆ ತಟ್ಟಿದಳು.

‘ಇವತ್ತು ಕೋಣೆ ದೊಡ್ಡದಾಗಿದೆ’ ಅಂದಳು.

‘ತಿಮಿಂಗಿಲನೂ ಹೀಗೇ ಅಂತೆ ಕಣೇ, ಕಿವೀಲೇ ದಾರಿ…’ ತಾಯಿ ಶುರುಮಾಡಿದಳು.

‘ಅಮ್ಮ, ಬಾವಲಿ ನೋಡಿದಾಗ್ಲೂ ನೀನು ಅದೇ ಅಂದಿದ್ದೆ.’

ಮೇಡಂ ನಗು ತಡೆದುಕೊಂಡು ಸಣ್ಣ ಅಳತೆಯ ಕೈಗವಸು ಕೊಟ್ಟರು. ಧೂಳಪ್ಪ ಹುಡುಗಿಯನ್ನು ಅಟ್ಟಣಿಗೆಯ ಕೆಳಗಿನ ಹಂತದ ಮೇಲೆ ನಿಲ್ಲಿಸಿದ. ತಾಯಿ ಹಿಂದೆ ನಿಂತು ಅವಳ ಸೊಂಟ ಹಿಡಿದಳು. ಬಾಲದ ತುದಿಯಲ್ಲಿ ಮೊದಲ ಮೂಳೆ ನಿಂಬೆಹಣ್ಣಿನಷ್ಟು. ಅವಳು ಬಟ್ಟೆಯಿಂದ ಒರೆಸಿ, ‘ಇಷ್ಟೇನಾ?’ ಅಂದಳು.

‘ಮುಂದೆ ನೋಡು.’ ಧೂಳಪ್ಪ ಅಟ್ಟಣಿಗೆಯನ್ನು ಮೆಲ್ಲಗೆ ತಳ್ಳಿದ. ಚಕ್ರಗಳು ಗುರುಗುಟ್ಟಿದವು. ಅವಳ ಕೈ ಮೂಳೆಯಿಂದ ಮೂಳೆಗೆ ಜಾರಿತು. ಹತ್ತನೆಯದು ಬಟ್ಟಲಿನಷ್ಟು. ಇಪ್ಪತ್ತನೆಯದಕ್ಕೆ ಎರಡು ಕೈ ಬೇಕಾದವು. ‘ಇನ್ನೂ ಇದೆಯಾ?’ ಅಂದಳು.

‘ಇದೆ.’

ಮೂವತ್ತನೆಯದನ್ನು ಅವಳು ತಬ್ಬಿ ಹಿಡಿದರೂ ಬೆರಳುಗಳು ಸೇರಲಿಲ್ಲ. ಮೂಳೆಯ ರೆಕ್ಕೆಗಳು ಎರಡೂ ಕಡೆ ಅವಳ ತೋಳಿಗಿಂತ ಉದ್ದ ಚಾಚಿದ್ದವು. ‘ಇನ್ನೂ ಇದೆಯಾ?’

‘ಇನ್ನೂ ಅರ್ಧ ಇದೆ.’

ಅವಳ ದನಿ ಸಣ್ಣದಾಯಿತು. ಅಟ್ಟಣಿಗೆ ಹೋಗುತ್ತಲೇ ಇತ್ತು. ನಡುವೆ ಒಂದು ಕಡೆ ಧೂಳಪ್ಪ ನಿಲ್ಲಿಸಿ, ಬೆನ್ನಿಗೆ ಅಂಟದೆ ಬೇರೆ ತಂತಿಯಲ್ಲಿ ತೂಗುತ್ತಿದ್ದ ಎರಡು ಪುಟ್ಟ ಮೂಳೆಗಳನ್ನು ಅವಳ ಕೈಗೆ ತಾಗಿಸಿದ. ‘ಒಂದು ಕಾಲದಲ್ಲಿ ಇದಕ್ಕೂ ಕಾಲಿತ್ತಂತೆ. ನೆಲದ ಮೇಲೆ ಓಡಾಡ್ತಿತ್ತಂತೆ. ಆಮೇಲೆ ನೀರಿಗೆ ಇಳೀತು. ಕಾಲು ಹೋಯ್ತು, ಗುರುತು ಉಳೀತು.’

‘ಇಷ್ಟು ದೊಡ್ಡದಕ್ಕೆ ಇಷ್ಟೇ ಇಷ್ಟು ನೆನಪಾ?’ ಅಂದಳು ಹುಡುಗಿ. ಮೇಡಂ ಕೈಯಲ್ಲಿದ್ದ ಪುಸ್ತಕವನ್ನು ಮುಚ್ಚಿದರು.

ಪಕ್ಕೆಲುಬುಗಳ ಬಳಿ ಅವಳು ಒರೆಸುವುದನ್ನೇ ಮರೆತಳು. ಒಂದು ಎಲುಬಿನ ಮೇಲ್ತುದಿಯಿಂದ ಕೆಳತುದಿಯವರೆಗೆ ಕೈ ಇಳಿಸಲು ಹಂತದ ಮೇಲೆ ಕುಕ್ಕರಗಾಲಲ್ಲಿ ಕೂರಬೇಕಾಯಿತು. ‘ಇದರ ಹೊಟ್ಟೆಯೊಳಗೆ ನಮ್ಮ ಮನೆ ಹಿಡಿಸುತ್ತೆ’ ಎಂದು ಪಿಸುಗುಟ್ಟಿದಳು. ಕೆಳಗೆ ಜೊತೆಜೊತೆಗೇ ನಡೆಯುತ್ತಿದ್ದ ಚಿಕ್ಕವಳು, ‘ನಾನು ಹೇಳ್ಲಿಲ್ವಾ, ಮೂರು ಬಸ್!’ ಅಂದಳು.

‘ಸುಮ್ನಿರೇ. ಇದು ಬಸ್ಸಲ್ಲ.’

ಕೊನೆಗೆ ದವಡೆ ಬಂತು. ಅದರ ಉದ್ದಕ್ಕೂ ಅಟ್ಟಣಿಗೆ ಉರುಳಿ ನಿಂತಾಗ, ಗೋಡೆಯ ಗಡಿಯಾರದಲ್ಲಿ ಹನ್ನೊಂದು ದಾಟಿತ್ತು. ಹುಡುಗಿ ತಿರುಗಿ, ತಾನು ಬಂದ ದಾರಿಯ ಕಡೆಗೆ ಮುಖ ಮಾಡಿದಳು. ಬಾಲದ ನಿಂಬೆಹಣ್ಣು ಅಲ್ಲೆಲ್ಲೋ ದೂರದಲ್ಲಿ ಉಳಿದಿತ್ತು.

‘ಗೊತ್ತಾಯ್ತು’ ಅಂದಳು. ‘ಎಷ್ಟು ಅಂತ ಗೊತ್ತಾಯ್ತು ಅಮ್ಮ.’

ತಾಯಿ ಅವಳ ನೆತ್ತಿಗೆ ಗಲ್ಲ ಒತ್ತಿದಳು.

ಹುಡುಗಿ ಕೈಗವಸಿನ ಬೆರಳುಗಳನ್ನು ಒಂದಕ್ಕೊಂದು ಉಜ್ಜಿಕೊಂಡಳು. ‘ಆದ್ರೆ ತಣ್ಣಗಾ ಬೆಚ್ಚಗಾ ಅನ್ನೋದು ಗೊತ್ತಾಗ್ಲಿಲ್ಲ. ಆಂಟಿ, ಈ ಕೈಗವಸು ಇದೆಯಲ್ಲ, ಇದು ಕಣ್ಣಿಗೆ ಬಟ್ಟೆ ಕಟ್ಟಿ ಸಿನಿಮಾಗೆ ಕರ್ಕೊಂಡು ಹೋದ ಹಾಗೆ.’

‘ಕೈಯಲ್ಲಿ ಬೆವರಿರುತ್ತೆ ಪುಟ್ಟ’ ಅಂದರು ಮೇಡಂ. ‘ಬೆವರಲ್ಲಿ ಉಪ್ಪಿರುತ್ತೆ. ಉಪ್ಪು ಮೂಳೆಗೆ ಆಗಲ್ಲ.’

ಹುಡುಗಿ ಯೋಚಿಸಿದಳು. ‘ಅದು ಹುಟ್ಟಿದ್ದು ಬೆಳೆದಿದ್ದೆಲ್ಲ ಉಪ್ಪು ನೀರಲ್ಲೇ ಅಲ್ವಾ?’

ಮೇಡಂ ಉತ್ತರಕ್ಕೆ ಬಾಯಿ ತೆರೆದರು. ಉತ್ತರ ಅವರಲ್ಲಿತ್ತು, ಬದುಕಿದ್ದಾಗಿನ ಮಾತು ಬೇರೆ, ಸತ್ತ ಮೇಲಿನ ಮಾತು ಬೇರೆ. ಶಾಸ್ತ್ರವೆಲ್ಲ ನಾಲಿಗೆಯ ತುದಿಗೆ ಬಂದಿತ್ತು. ಆದರೆ ಹೊರಗೆ ಬಂದದ್ದು ನಗು. ಧೂಳಪ್ಪ ಅವರ ನಗು ಕೇಳಿದ್ದು ಅದೇ ಮೊದಲು.

‘ಇಲ್ಲಿ ಒಬ್ಬರು ವಕೀಲರು ಸಾಲದು ಅಂತ ಇನ್ನೊಬ್ಬರು! ಸರಿ. ಸೋಪು ಹಾಕಿ ಕೈ ತೊಳೆದು, ಚೆನ್ನಾಗಿ ಒರೆಸ್ಕೊಂಡು ಬಾ. ಒಂದೇ ಒಂದು ಮೂಳೆ. ಯಾವುದು ಅಂತ ಅವರನ್ನ ಕೇಳು, ಅವರದೇ ತಿಮಿಂಗಿಲ.’

ಅವರದೇ ತಿಮಿಂಗಿಲ. ಧೂಳಪ್ಪನ ಕಿವಿ ಬಿಸಿಯಾಯಿತು. ಯಾವುದು? ಅರವತ್ತೆರಡು ಮಣಿಗಳಿವೆ, ಪಕ್ಕೆಲುಬುಗಳಿವೆ, ದವಡೆಯಿದೆ. ಅವನು ಹೆಚ್ಚು ಯೋಚಿಸಲಿಲ್ಲ. ಅಟ್ಟಣಿಗೆಯನ್ನು ಸ್ವಲ್ಪ ಹಿಂದಕ್ಕೆ ಎಳೆದು, ಎದೆಯ ಪಕ್ಕದಲ್ಲಿ ಕೆಳಗೆ ಇಳಿಬಿದ್ದಿದ್ದ ಈಜುರೆಕ್ಕೆಯ ಹತ್ತಿರ ನಿಲ್ಲಿಸಿದ. ತೊಳೆದ ಕೈಯನ್ನು ಮುಂದೆ ಚಾಚಿಕೊಂಡು ಬಂದ ಹುಡುಗಿಗೆ, ‘ಇಲ್ಲಿ’ ಅಂದ.

ಅವಳು ಬೆರಳಿಟ್ಟಳು. ಬೆರಳುಗಳು ಒಂದು ಸಾಲಿನ ಗಿಣ್ಣುಗಳ ಮೇಲೆ ಹೋದವು, ಪಕ್ಕದ ಸಾಲಿಗೆ ಬಂದವು, ಮತ್ತೆ ಅದರ ಪಕ್ಕಕ್ಕೆ.

‘ಮಾಮ’ ಎಂದಳು ನಿಧಾನವಾಗಿ, ‘ಇದು ಕೈ.’

‘ಹೂಂ.’

‘ಬೆರಳಿದೆ! ಒಂದು, ಎರಡು, ಮೂರು, ನಾಲ್ಕು. ನಾಲ್ಕೇ ಇದೆ. ಮೀನಿಗೆ ಕೈ ಯಾಕೆ?’

‘ಅದು ಮೀನಲ್ಲ, ಪುಟ್ಟ. ನಮ್ಮ ಕಡೇದೇ’ ಅಂದರು ಮೇಡಂ, ಬಹಳ ಮೆತ್ತಗೆ.

ಹುಡುಗಿ ತನ್ನ ಅಂಗೈಯನ್ನು ಆ ದೊಡ್ಡ ಅಂಗೈಯ ಮೇಲೆ ಪೂರ್ತಿಯಾಗಿ ಒರಗಿಸಿದಳು. ಚಿಕ್ಕವಳು ತುದಿಗಾಲಲ್ಲಿ ನಿಂತು ನೋಡಿದಳು.

‘ಹೇಗಿದೆ? ತಣ್ಣಗಾ?’ ಧೂಳಪ್ಪ ಕೇಳಿದ. ಅವನ ದನಿ ಅವನಿಗೇ ಅಪರಿಚಿತವಾಗಿತ್ತು. ನಿನ್ನೆ ಇದೇ ಪ್ರಶ್ನೆಯನ್ನು ಅವಳು ಕೇಳಿದ್ದಳು.

‘ತಣ್ಣಗಿಲ್ಲ… ಬೆಚ್ಚಗೂ ಅಲ್ಲ…’ ಅವಳು ಪದ ಹುಡುಕಿದಳು. ಸಿಗಲಿಲ್ಲ. ‘ಹೇಳೋಕೆ ಬರಲ್ಲ ಮಾಮ. ನೀವೇ ಮುಟ್ಟಿ ನೋಡಿ.’

ಧೂಳಪ್ಪ ಮೇಡಂ ಕಡೆ ತಿರುಗಿದ. ಅವರು ಗಡಿಯಾರದ ಕಡೆ ನೋಡುತ್ತಿದ್ದರು. ಬೇಕೆಂದೇ ನೋಡುತ್ತಿದ್ದರು.

ಅವನು ಹೋಗಿ ಕೈ ತೊಳೆದು ಬಂದ. ಒಂದು ಸಲಕ್ಕೆ ಸಮಾಧಾನವಾಗದೆ ಎರಡು ಸಲ ತೊಳೆದಿದ್ದ. ಹುಡುಗಿ ಸ್ವಲ್ಪ ಸರಿದು ಜಾಗ ಬಿಟ್ಟಳು. ಒರಟು ಬಟ್ಟೆ, ಕುಂಚದ ಹಿಡಿ, ಕಬ್ಬಿಣದ ಅಟ್ಟಣಿಗೆ ಹಿಡಿದು ಹಿಡಿದು ಜಡ್ಡುಗಟ್ಟಿದ ಅವನ ಅಂಗೈ ಆ ನಾಲ್ಕು ಬೆರಳಿನ ಕೈಯ ಮೇಲೆ ಕೂತಿತು. ಇಪ್ಪತ್ತಾರು ವರ್ಷ ದಿನಾ ಕಂಡ ಆ ಮೂಳೆ ಎಂದೂ ಕಾಣದಂತೆ ತೋರಿತು. ಅದಕ್ಕೆ ಸಣ್ಣ ಸಣ್ಣ ರಂಧ್ರಗಳಿದ್ದವು. ಮೇಣದಂಥ ಜಿಡ್ಡು ಇತ್ತು. ಗಿಣ್ಣಿನ ಪಕ್ಕದಲ್ಲಿ ಅವನ ಹೆಬ್ಬೆರಳು ಕೂರಲೆಂದೇ ಮಾಡಿಟ್ಟಂತೆ ಒಂದು ತಗ್ಗಿತ್ತು. ಅವನಿಗೆ ತಿಳಿಯದೆಯೇ ಅವನ ಕಣ್ಣು ಮುಚ್ಚಿತು.

‘ಹೇಗಿದೆ ಮಾಮ?’ ಅವನ ಪಕ್ಕದಲ್ಲಿ, ಅದೇ ಕತ್ತಲಲ್ಲಿ, ಹುಡುಗಿ ಕೇಳಿದಳು.

‘ತಾಳು ಮಗು’ ಅಂದ ಧೂಳಪ್ಪ. ‘ನೋಡ್ತಾ ಇದೀನಿ.’